ನಮ್ಮಳಿಯನ ಅಳತೆ ಟೇಪು

ನಮ್ಮ ಅಳಿಯನ ಬಗ್ಗೆ ಹೇಳಬೇಕು ಅಂದರೆ ಬೈಗುಳದಿಂದಲೇ ಶುರು ಮಾಡಬೇಕು, ಯಾಕೆಂದರೆ ನಮ್ಮಿಬ್ಬರ ಪರಿಚಯ ಆದದ್ದೇ ಹಾಗೆ. ನಾನು ಆಗ ಬಸ್ ಕಂಡಕ್ಟರ್. ಬೆಳಗಿನ ಹೊತ್ತು, ಬಸ್ಸಿನೊಳಗೆ ಉಸಿರಾಡೋಕೂ ಜಾಗವಿಲ್ಲ. ಅಂಥದ್ದರಲ್ಲಿ ಒಬ್ಬ ಸಣಕಲ, ಸಿಮೆಂಟ್ ಮೆತ್ತಿದ ಬೂಟು ಹಾಕಿಕೊಂಡು, ತನಗಿಂತ ಉದ್ದದ ಒಂದು ಅಲ್ಯೂಮಿನಿಯಂ ಪಟ್ಟಿ ಹಿಡಿದುಕೊಂಡು ಹತ್ತಿದ. ಅದು ಒಂದು ಸಲ ಯಾರದೋ ಕನ್ನಡಕಕ್ಕೆ ತಗುಲಿತು, ಇನ್ನೊಂದು ಸಲ ಯಾರದೋ ಬೆನ್ನಿಗೆ ತಿವಿಯಿತು. ನನ್ನ ಬಾಯಿ ಆ ರೂಟಿನಲ್ಲೆಲ್ಲ ಹೆಸರುವಾಸಿ. ಸಾಮಾನು ಸಾಗಿಸೋಕೆ ಲಾರಿ ಇದೆ, ಇದು ಮನುಷ್ಯರ ಬಸ್ಸು ಅಂತ ಎಲ್ಲರಿಗೂ ಕೇಳುವ ಹಾಗೆ ಜಾಡಿಸಿದೆ. ಅವನು ಎದುರಾಡಲಿಲ್ಲ. ಲಾರಿಯಲ್ಲಿ ಹಾಕಿದರೆ ಬಗ್ಗಿಹೋಗುತ್ತದೆ, ನೆಲ ಮಟ್ಟ ಮಾಡುವ ಪಟ್ಟಿ ಇದು, ಬಗ್ಗಿದರೆ ನೆಲವೆಲ್ಲ ಏರುಪೇರಾಗುತ್ತದೆ ಅಂತ ಮೆಲ್ಲಗೆ ಹೇಳಿದ. ಮುಂದಿನ ಸ್ಟಾಪಿನಲ್ಲಿ ಒಂದು ಸೀಟು ಖಾಲಿಯಾಯಿತು. ಆ ಪುಣ್ಯಾತ್ಮ ಪಟ್ಟಿಯನ್ನು ಸೀಟಿಗೆ ಒರಗಿಸಿ ತಾನು ಪಕ್ಕದಲ್ಲಿ ನಿಂತುಕೊಂಡ. ಇಂಥವನನ್ನು ಕಟ್ಟಿಕೊಳ್ಳೋಳ ಗತಿ ಏನಪ್ಪಾ ಅಂತ ಮನಸ್ಸಿನಲ್ಲೇ ನಕ್ಕಿದ್ದೆ. ಕಟ್ಟಿಕೊಂಡವಳು ನನ್ನ ಮಗಳೇ.

ಮಗಳು ಕಟ್ಟಡದ ಸಾಮಗ್ರಿ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಸೈಟುಗಳಿಂದ ಕಾಂಕ್ರೀಟಿನ ಚೌಕ ಗಟ್ಟಿಗಳನ್ನು ತರುತ್ತಾರೆ, ಕ್ಯೂಬ್ ಅಂತಾರೆ ಅವಕ್ಕೆ. ಯಂತ್ರದ ಅಡಿ ಇಟ್ಟು ಒಡೆದು, ಎಷ್ಟು ಭಾರ ತಡೆಯಿತು ಅಂತ ಹೇಳೋದು ಅವಳ ಕೆಲಸ. ಬೇರೆ ಎಂಜಿನಿಯರುಗಳು ಫಲಿತಾಂಶವನ್ನು ಫೋನಿನಲ್ಲಿ ಕೇಳುತ್ತಿದ್ದರಂತೆ. ಈ ಪಟ್ಟಿಯ ಎಂಜಿನಿಯರೊಬ್ಬರು ಮಾತ್ರ ಖುದ್ದಾಗಿ ಬಂದು, ಯಂತ್ರದ ಪಕ್ಕ ಉಗುರು ಕಚ್ಚುತ್ತಾ ನಿಂತಿರುತ್ತಿದ್ದರಂತೆ. ಕ್ಯೂಬ್ ನೋಡೋಕೆ ಬರ್ತಿದ್ರೋ ನಿನ್ನನ್ನ ನೋಡೋಕೆ ಬರ್ತಿದ್ರೋ ಅಂತ ಕೇಳಿದರೆ ಇವತ್ತಿಗೂ ಮಗಳು ಮಾತು ಮರೆಸುತ್ತಾಳೆ. ಮದುವೆ ಮಾತಿಗೆ ಮನೆಗೆ ಬಂದಾಗ ಬಾಗಿಲು ತೆಗೆದವಳು ನಾನು. ನನ್ನ ಮುಖ ನೋಡಿದ್ದೇ ತಡ, ಹುಡುಗನ ಮುಖದ ಬಣ್ಣ ಇಳಿದುಹೋಯಿತು. ಒಳಗೆ ಬಂದವರು ಕೂರಲೋ ಬೇಡವೋ ಅಂತ ನಿಂತೇ ಇದ್ದರು. "ಸೀಟು ಖಾಲಿ ಇದೆ, ಕೂತ್ಕೊಳ್ಳಿ" ಅಂದೆ. ಆವತ್ತು ಅವರು ನಕ್ಕ ನಗು ನನಗೆ ಹಿಡಿಸಿಬಿಟ್ಟಿತು.

ಸೈಟ್ ಎಂಜಿನಿಯರ್ ಅಂದರೆ ಇಸ್ತ್ರಿ ಅಂಗಿ ಹಾಕಿಕೊಂಡು, ನಕ್ಷೆ ಹರವಿಕೊಂಡು, ಅದು ಹೀಗೆ ಇದು ಹಾಗೆ ಅಂತ ಬೆರಳು ತೋರಿಸುವವರು ಅಂದುಕೊಂಡಿದ್ದೆ. ಎಲ್ಲಿಯ ಇಸ್ತ್ರಿ! ಅಂಗಿ ಒಗೆದರೆ ಬಕೆಟ್ಟಿನ ತಳದಲ್ಲಿ ಮರಳು ಕೂರುತ್ತದೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಬೇಕು, ಸಂಜೆ ಎಲ್ಲರೂ ಹೋದ ಮೇಲೆ ಬರಬೇಕು. ಕಾಂಕ್ರೀಟ್ ಹಾಕುವ ದಿನವಂತೂ ಊಟದ ಡಬ್ಬಿ ಹೋದ ಹಾಗೇ ವಾಪಸು. ಮೋಡ ಕಂಡರೆ ಮುಖ ಗಂಟಿಕ್ಕುತ್ತದೆ. ನೆಂಟರ ಮನೆಗೆ ಹೋದರೆ ಕ್ಷೇಮಸಮಾಚಾರಕ್ಕೆ ಮೊದಲು ಗೋಡೆಯ ಬಿರುಕು ನೋಡುತ್ತಾರೆ. ನೆಲದ ಟೈಲ್ಸನ್ನು ಬೆರಳ ಗೆಣ್ಣಿನಿಂದ ಟಕ್ ಟಕ್ ಅಂತ ಕುಟ್ಟಿ, ಇದರಡಿ ಪೊಳ್ಳಿದೆ ಅಂತ ಹೇಳಿ, ಆ ಮನೆಯವರ ನಿದ್ದೆ ಕೆಡಿಸಿ ಬರುತ್ತಾರೆ. ಹೊಸ ಕಾಂಕ್ರೀಟಿಗೆ ದಿನಾ ನೀರು ಕುಡಿಸಬೇಕಂತೆ, ಇಲ್ಲದಿದ್ದರೆ ಬಲ ಬರೋದಿಲ್ಲವಂತೆ. ರಜೆಯ ದಿನವೂ ಅದಕ್ಕೇ ಓಡುತ್ತಾರೆ. "ನಾನು ಜ್ವರ ಬಂದು ಮಲಗಿದ್ರೂ ಇಷ್ಟು ಸಲ ನೀರು ಕೊಡಲ್ಲ ಅಮ್ಮ" ಅಂತ ಮಗಳು ದೂರು ಹೇಳುತ್ತಾಳೆ. ಸುಳ್ಳು, ಕೊಡುತ್ತಾರೆ, ನಾನೇ ನೋಡಿದ್ದೇನೆ.

ನಾನು ನಿವೃತ್ತಳಾದ ಮೇಲೆ, ಯಜಮಾನರೂ ಇರಲಿಲ್ಲವಾದ್ದರಿಂದ, ಮಗಳ ಮನೆಗೇ ಬಂದೆ. ಅಳಿಯನ ಮನೆಯಲ್ಲಿ ಇರೋದು ಅಂದರೆ ಎಷ್ಟೇ ಗಟ್ಟಿಗಿತ್ತಿಗೂ ಒಂದು ಮುಜುಗರ ಇರುತ್ತದೆ. ತಟ್ಟೆ ಸದ್ದಾಗದ ಹಾಗೆ ಇಡೋದು, ಕೆಮ್ಮು ಬಂದರೂ ಬಾಯಿಗೆ ಬಟ್ಟೆ ಒತ್ತಿಕೊಳ್ಳೋದು. ಬಂದ ಹೊಸತರಲ್ಲಿ ಹಿತ್ತಲಿನ ಮೆಟ್ಟಿಲು ಹತ್ತುವಾಗ ನಾನು ಗೋಡೆ ಹಿಡಿದುಕೊಳ್ಳುತ್ತಿದ್ದೆ. ನಿಂತು ನಿಂತು ಕಂಡಕ್ಟರ್ ಕೆಲಸ ಮಾಡಿದ ಮೊಣಕಾಲು, ಕೇಳಬೇಕೇ. ಯಾರಿಗೂ ಹೇಳಿರಲಿಲ್ಲ. ಒಂದು ಭಾನುವಾರ ಅಳಿಯಂದಿರು ಟೇಪು ಹಿಡಿದುಕೊಂಡು ಬಂದು, "ಅತ್ತೆ, ನೋವಾಗದ ಹಾಗೆ ಕಾಲು ಎಷ್ಟು ಎತ್ತೋಕಾಗತ್ತೆ, ಸ್ವಲ್ಪ ಎತ್ತಿ" ಅಂದರು. ಇದೇನು ಕವಾಯತು ಅಂತ ಗೊಣಗಿಕೊಂಡೇ ಎತ್ತಿದೆ. ಅಳೆದುಕೊಂಡರು. ಸಂಜೆಯೊಳಗೆ ಹಳೇ ಮೆಟ್ಟಿಲು ಒಡೆದು, ಆ ಎತ್ತರಕ್ಕೆ ಸರಿಯಾಗಿ ಹೊಸ ಮೆಟ್ಟಿಲು ಕಟ್ಟಿಬಿಟ್ಟರು. ಆ ಮೆಟ್ಟಿಲು ನನ್ನ ಕಾಲಿಗೆ ಬಿಟ್ಟು ಬೇರೆ ಯಾರ ಕಾಲಿಗೂ ಹೊಂದೋದಿಲ್ಲ, ಬಂದವರೆಲ್ಲ ಎಡವುತ್ತಾರೆ. ನನಗೆ ಮಾತ್ರ ಆವತ್ತಿನಿಂದ ಆ ಮನೆ ನನ್ನದೇ ಅನ್ನಿಸಿತು.

ಇನ್ನು ನನ್ನ ಮಗ. ನನ್ನ ಜೊತೆಗೇ ಅವನೂ ಆ ಮನೆಗೆ ಬಂದಿದ್ದ. ಮಗಳಿಗಿಂತ ಚಿಕ್ಕವನು, ಆದರೂ ಮೂವತ್ತು ದಾಟಿದ್ದ. ಬುದ್ಧಿ ಇದೆ, ಓದೂ ತಕ್ಕಮಟ್ಟಿಗಿದೆ, ಕೂತಲ್ಲಿ ಕೂರೋದು ಮಾತ್ರ ಗೊತ್ತಿಲ್ಲ. ಮೊಬೈಲ್ ಅಂಗಡಿಗೆ ಸೇರಿದ, ಬಿಟ್ಟ. ಫೋಟೋ ಸ್ಟುಡಿಯೋ, ಅದೂ ಬಿಟ್ಟ. ಪಾರ್ಸೆಲ್ ಕೊಡುವ ಕೆಲಸ ಹಿಡಿದ, ಬೇರೆಯವರ ಪಾರ್ಸೆಲ್ ಇನ್ನಾರಿಗೋ ಕೊಟ್ಟು ಬಂದ. ಅವನದು ಕೆಟ್ಟ ಮನಸ್ಸಲ್ಲ, ಮೈಮರೆವು. ಒಂದು ಕಡೆ ಕೈ, ಇನ್ನೊಂದು ಕಡೆ ಗಮನ. ಅಳಿಯಂದಿರ ಹತ್ತಿರ ನಾನು ಬಾಯಿಬಿಟ್ಟು ಕೇಳಿದ್ದು ಜೀವನದಲ್ಲಿ ಒಂದೇ ಒಂದು, ಇವನಿಗೆ ಏನಾದರೂ ದಾರಿ ತೋರಿಸಿ ಅಂತ. ಅವರು ಹೂಂ ಅನ್ನೋಕೆ ಸ್ವಲ್ಪ ಕಾಲ ತಗೊಂಡರು. ಆಮೇಲೆ ಒಂದು ದಿನ ಅವನನ್ನು ಕಂಟ್ರಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಇವನ ಕೆಲಸಕ್ಕೆ ನಾನು ಜವಾಬ್ದಾರಿ ಅಂತ ಹೇಳಿ ಸೇರಿಸಿದರು. ಆ ಮಾತಿನ ತೂಕ ನನಗೆ ಗೊತ್ತಿತ್ತು. ಇನ್ನೊಬ್ಬರ ಮಗನ ಮೇಲೆ ತನ್ನ ಹೆಸರು ಪಣಕ್ಕಿಡೋದು ಸುಮ್ಮನೆ ಆಗುತ್ತದೆಯೇ.

ಆಶ್ಚರ್ಯ ಅಂದರೆ ಮಗನಿಗೆ ಆ ಕೆಲಸ ಹತ್ತಿತು. ಅಳತೆಯ ಕೆಲಸ: ಟೇಪು ಹಿಡಿಯೋದು, ದಾರ ಕಟ್ಟೋದು, ಮಟ್ಟ ನೋಡೋದು. ಇಡೀ ಸೈಟು ಅವನನ್ನು ಬಾಮೈದ ಅಂತ ಕರೆಯುತ್ತಿತ್ತು. ಅವನಪ್ಪನ ವಯಸ್ಸಿನ ಮೇಸ್ತ್ರಿಯೂ "ಏ ಬಾಮೈದ, ಬಾರಪ್ಪ" ಅನ್ನೋರು, ನೀರಿನ ಲಾರಿಯ ಡ್ರೈವರೂ ಬಾಮೈದ ಅನ್ನೋನು. ಇವನು ಬೇಜಾರು ಮಾಡಿಕೊಳ್ಳಲಿಲ್ಲ. ಬೆಳಗ್ಗೆ ಯಾರೂ ಎಬ್ಬಿಸದೆ ತಾನೇ ಎದ್ದು ಬೂಟು ಕಟ್ಟಿಕೊಳ್ಳುತ್ತಿದ್ದ. ಆ ಲೇಸು ಎಳೆಯುವ ಸದ್ದು ಕೇಳಿ ಅಡುಗೆಮನೆಯಲ್ಲಿ ಒಬ್ಬಳೇ ಕಣ್ಣೀರು ಹಾಕಿದ್ದೇನೆ, ಸಂತೋಷಕ್ಕೆ.

ಅವರಿಬ್ಬರೂ ಆಗ ಕಟ್ಟುತ್ತಿದ್ದದ್ದು ಕಾಲುವೆಗೊಂದು ಕಾಲುಸೇತುವೆ. ಈಗ ಅದರ ಮೇಲೆ ನೂರಾರು ಜನ ಓಡಾಡುತ್ತಾರೆ. ಆಗ ಆಚೆ ದಡದ ಆಸ್ಪತ್ರೆಗೆ ಹೋಗಬೇಕಾದವರು ನನ್ನ ಹಳೇ ರೂಟಿನ ಬಸ್ಸಿನಿಂದಿಳಿದು, ಊರೆಲ್ಲ ಸುತ್ತಿ, ದೊಡ್ಡ ರಸ್ತೆಯಿಂದ ಹೋಗಬೇಕಿತ್ತು. ಸೇತುವೆಯ ಉಕ್ಕಿನ ಚೌಕಟ್ಟು ಬೇರೆ ಕಡೆ ವರ್ಕ್‌ಶಾಪಿನಲ್ಲಿ ತಯಾರಾಗುತ್ತಿತ್ತು. ಇಲ್ಲಿ ಎರಡೂ ದಡದಲ್ಲಿ ಕಾಂಕ್ರೀಟಿನ ಕಟ್ಟೆ ಕಟ್ಟಿ, ಅದರೊಳಗೆ ಬೋಲ್ಟುಗಳನ್ನು ನಿಲ್ಲಿಸಬೇಕು. ಕ್ರೇನ್ ಬಂದು ಚೌಕಟ್ಟನ್ನು ಎತ್ತಿ ಇಟ್ಟಾಗ, ಅದರ ಕಾಲಿನ ತೂತುಗಳು ಈ ಬೋಲ್ಟುಗಳ ಮೇಲೆ ಸರಿಯಾಗಿ ಕೂರಬೇಕು. ನಾನು ದಿನಾ ಮಧ್ಯಾಹ್ನ ಇಬ್ಬರಿಗೂ ಊಟದ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದೆ. ಮನೆಯಲ್ಲಿ ಕೂತರೆ ಕಾಲು ಜೋಮು ಹಿಡಿಯುತ್ತಿತ್ತು, ಬಸ್ಸು ಹತ್ತಿದರೆ ಹೊಸ ಕಂಡಕ್ಟರ ತಪ್ಪು ಹುಡುಕುವ ಸುಖವೂ ಇತ್ತು.

ಸೈಟಿನಲ್ಲಿ ಕೂತು ಕೂತು ಅವರ ಅಳತೆಯ ಪದ್ಧತಿಯೊಂದು ನನಗೂ ಬಾಯಿಪಾಠವಾಗಿತ್ತು. ಉದ್ದನೆಯ ಟೇಪಿನ ತುದಿಯಲ್ಲಿ ಒಂದು ಉಂಗುರ ಇರುತ್ತದೆ. ಅದನ್ನು ಮೊಳೆಗೆ ಸಿಕ್ಕಿಸಿದರೆ ಅಳತೆ ಸೊನ್ನೆಯಿಂದ ಶುರು. ಅವರ ಟೇಪಿನ ಉಂಗುರ ಸವೆದು ಬಗ್ಗಿತ್ತು, ಎಷ್ಟೋ ಸಲ ಮೊಳೆಯಿಂದ ಜಾರುತ್ತಿತ್ತು. ಜಾರಿದಾಗ ತುದಿ ಬಿಟ್ಟು, ಹತ್ತು ಸೆಂಟಿಮೀಟರಿನ ಗುರುತನ್ನು ಮೊಳೆಯ ಮೇಲೆ ಒತ್ತಿ ಹಿಡಿದು, "ಹತ್ತು ಕಟ್" ಅಂತ ಕೂಗಬೇಕು. ಆ ತುದಿಯಲ್ಲಿ ಓದುವವನು ತಾನೂ "ಹತ್ತು ಕಟ್" ಅಂತ ತಿರುಗಿ ಕೂಗಿ, ಅಷ್ಟು ಮುಂದೆ ಹೋಗಿ ಗುರುತು ಹಾಕಬೇಕು. ಕೂಗದಿದ್ದರೆ ಉಂಗುರ ಸಿಕ್ಕಿಸಿದೆ, ಅಳತೆ ಸೊನ್ನೆಯಿಂದಲೇ ಅಂತ ಅರ್ಥ. ಈಚೆ ದಡದಲ್ಲಿ ಹಿಡಿಯುವವನು ನನ್ನ ಮಗ, ಆಚೆ ದಡದಲ್ಲಿ ಓದುವವರು ಅಳಿಯ.

ವರ್ಕ್‌ಶಾಪಿನಿಂದ ಚೌಕಟ್ಟು ತಯಾರಾಗಿದೆ ಅಂತ ಫೋನ್ ಬಂತು. ಕ್ರೇನಿಗೆ ದಿನ ಗೊತ್ತಾಯಿತು. ನಮ್ಮ ಅಳಿಯನಿಗೆ ಒಂದು ಚಟ, ಕೊನೇ ಗಳಿಗೆಯಲ್ಲಿ ಎಲ್ಲ ಮತ್ತೆ ಅಳೆಯೋದು. ವರ್ಕ್‌ಶಾಪಿಗೆ ಹೋಗಿ ಅಲ್ಲಿನ ಹೊಸ ಉಕ್ಕಿನ ಟೇಪಿನಿಂದ ಚೌಕಟ್ಟು ಅಳೆದರು. ಅದೇ ಟೇಪು ಕೇಳಿ ತಂದು, ಮೇಸ್ತ್ರಿಯನ್ನು ನಿಲ್ಲಿಸಿಕೊಂಡು ಸೈಟಿನಲ್ಲಿ ಅಳೆದರು. ಆಚೆ ದಡದ ಕಟ್ಟೆಯ ಬೋಲ್ಟುಗಳು ಒಂದು ಅಂಗೈ ಅಗಲದಷ್ಟು ಈಚೆಗೆ ಬಂದಿದ್ದವು. ಸರಿಯಾಗಿ ಹತ್ತು ಸೆಂಟಿಮೀಟರ್.

ಆವತ್ತು ಸಂಜೆ ಅವರು ಮಾಳಿಗೆ ಮೇಲೆ ಹೋಗಿ ಬಾಮೈದನನ್ನು ಕರೆದರು. ನಾನು ಅಲ್ಲೇ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ನನ್ನನ್ನು ಕೆಳಗೆ ಹೋಗಿ ಅನ್ನಲಿಲ್ಲ, ನಾನೂ ಹೋಗಲಿಲ್ಲ.

"ಗುರುತು ಹಾಕಿದ ದಿನ ಉಂಗುರ ಸಿಕ್ಕಿಸಿದ್ಯಾ, ಹತ್ತು ಹಿಡಿದಿದ್ಯಾ?" ಅಂತ ಕೇಳಿದರು.

ಉಂಗುರ ಜಾರಿತ್ತು, ಹತ್ತು ಹಿಡಿದಿದ್ದೆ ಅಂದ ಮಗ.

"ಕೂಗಿದ್ಯಾ?"

ಮಗ ತಾನಾಗೇ ಎಲ್ಲ ನೆನಪು ಮಾಡಿಕೊಂಡು ಹೇಳಿದ. ಕೂಗಬೇಕು ಅನ್ನುವಷ್ಟರಲ್ಲಿ ನೀರಿನ ಲಾರಿಯವನು ಹಿಂದೆ ಬಂದು ಹಾರನ್ ಮೇಲೆ ಹಾರನ್ ಹೊಡೆದಿದ್ದ. ಇವನು ಟೇಪು ಬಿಡದೆ ಕತ್ತು ತಿರುಗಿಸಿ, ಕಣ್ಣು ಕಾಣಲ್ವಾ, ಅಳತೆ ನಡೀತಿದೆ ಅಂತ ಅವನಿಗೆ ಗದರಿದ್ದ. ಮತ್ತೆ ಈ ಕಡೆ ತಿರುಗುವಾಗ, ಕೂಗಿ ಆಯಿತು ಅನ್ನುವ ಭಾವನೆ ಇತ್ತು. ಆಚೆ ದಡದಲ್ಲಿ ಅಳಿಯಂದಿರಿಗೆ ಏನೂ ಕೇಳಿಸಿರಲಿಲ್ಲ, ಆದ್ದರಿಂದ ಸೊನ್ನೆ ಅಂದುಕೊಂಡು ಗುರುತು ಹಾಕಿದ್ದರು. ಒಂದು ಹಾರನ್ನಿಗೆ ಒಂದು ಸೇತುವೆ ಕುಂಟಾಯಿತು ನೋಡಿ. ಈ ಮೈಮರೆವನ್ನು ನಾನು ಅವನ ತೊಟ್ಟಿಲಿನಿಂದ ನೋಡಿದ್ದೇನೆ, ಆದರೆ ಇಷ್ಟು ದೊಡ್ಡದಾಗಿ ನೋಡಿರಲಿಲ್ಲ. ಅಳಿಯಂದಿರು ಬೈಯುತ್ತಾರೆ ಅಂತ ಕಾದೆ. ಅವರು ಊಟ ಬೇಡ ಅಂತ ಹೇಳಿ ಕೆಳಗಿಳಿದು ಹೋದರು.

ಮಾರನೇ ದಿನ ಕಂಟ್ರಾಕ್ಟರಿಗೆ ತಿಳಿಸಿದರು. ಕಂಟ್ರಾಕ್ಟರು ಕೆಟ್ಟವರಲ್ಲ, ಆದರೆ ಅವರ ತಲೆ ಯಾವಾಗಲೂ ಅಡ್ಡದಾರಿಯನ್ನೇ ಮೊದಲು ಹುಡುಕುತ್ತದೆ. ಬೋಲ್ಟುಗಳನ್ನು ಕತ್ತರಿಸಿ, ಉಕ್ಕಿನ ಪ್ಲೇಟೊಂದನ್ನು ಬೆಸುಗೆ ಹಾಕಿ, ಮೇಲೆ ಗಾರೆ ಮೆತ್ತಿದರೆ ಚೌಕಟ್ಟಿನ ಕಾಲಡಿ ಯಾರಿಗೆ ಕಾಣುತ್ತದೆ ಅಂದರು. ಆಗೋದಿಲ್ಲ, ಕಟ್ಟೆ ಒಡೆದು ಕಟ್ಟಬೇಕು ಅಂತ ಅಳಿಯ. ಹಾಗಾದರೆ ಕೆಲಸದ ಉಸ್ತುವಾರಿ ನೋಡುವ ಮೇಡಂ ಮುಂದೆ ಹೋಗಲೇಬೇಕು, ಯಾರಾದರೊಬ್ಬರ ತಲೆ ಕೊಟ್ಟರೆ ಅಲ್ಲಿಗೆ ಮಾತು ಮುಗಿಯುತ್ತದೆ, ಟೇಪು ಹಿಡಿದವನನ್ನು ತೆಗೆದುಬಿಟ್ಟೆವು ಅಂತ ಹೇಳಿಬಿಡೋಣ ಅಂತ ಕಂಟ್ರಾಕ್ಟರು. ಪದ್ಧತಿಯ ಪ್ರಕಾರ ಕೂಗಬೇಕಾದವನು ಹಿಡಿದವನೇ ಅಲ್ಲವೇ, ಅದರಲ್ಲಿ ಅನ್ಯಾಯವೂ ಇರಲಿಲ್ಲ. ಇನ್ನೂ ಸ್ವಲ್ಪ ಮುಂದೆ ಇದೇ ಕಾಲುವೆಗೆ ಗಾಡಿ ಓಡುವ ದೊಡ್ಡ ಸೇತುವೆ ಬರುವುದಿತ್ತು. ಅದರ ಹೊಣೆ ಅಳಿಯನಿಗೇ ಅಂತ ಮಾತಾಗಿತ್ತು, ಅವರು ಎಷ್ಟೋ ವರ್ಷದಿಂದ ಕಾಯುತ್ತಿದ್ದ ಕೆಲಸ ಅದು. ಒಂದು ಮಾತು, ನನ್ನ ಮಗನ ಹೆಸರು, ಅಷ್ಟು ಹೇಳಿದರೆ ಅದು ಅವರ ಕೈಯಲ್ಲೇ ಉಳಿಯುತ್ತಿತ್ತು. ಇದೆಲ್ಲ ಮಗಳು ನನಗೆ ಹೇಳಿದಳು. ಒಂದು ಕಡೆ ಗಂಡ, ಇನ್ನೊಂದು ಕಡೆ ತಮ್ಮ, ಯಾರ ಪರ ನಿಲ್ಲಬೇಕು ಪಾಪ.

ನನಗೆ ಮಾತ್ರ ನನ್ನ ಮಗನದೇ ಚಿಂತೆ. ಈ ಕೆಲಸವೂ ಕೈಬಿಟ್ಟರೆ ಅವನು ಇನ್ನು ಮೇಲೇಳೋದಿಲ್ಲ ಅಂತ ನನ್ನ ಕರುಳಿಗೆ ಗೊತ್ತಿತ್ತು. ಹಿಂದೆಲ್ಲ ಕೆಲಸವನ್ನು ಅವನು ಬಿಟ್ಟು ಬಂದಿದ್ದ, ಅದಕ್ಕೆ ಕೊರಗಿರಲಿಲ್ಲ. ಇದು ಅವನು ಮೊದಲ ಸಲ ಪ್ರೀತಿಸಿದ ಕೆಲಸ.

ಮೇಡಂ ಬಂದ ದಿನವೂ ನಾನು ಡಬ್ಬಿ ತೆಗೆದುಕೊಂಡು ಹೋಗಿದ್ದೆ. ತಗಡಿನ ಶೆಡ್ಡಿನೊಳಗೆ ಮೇಡಂ, ಕಂಟ್ರಾಕ್ಟರು, ಅಳಿಯ. ಹೊರಗೆ ಸಿಮೆಂಟ್ ಚೀಲಗಳ ಮೇಲೆ ನಾನು ಮತ್ತು ಮಗ. ತಗಡಿನ ಗೋಡೆಗೆ ಗುಟ್ಟು ಎಲ್ಲಿ ನಿಲ್ಲುತ್ತದೆ, ಎಲ್ಲ ಕೇಳುತ್ತಿತ್ತು. ಮೇಡಂ ದನಿ ಎತ್ತದೆ, ಇದು ಹೇಗಾಯಿತು ಅಂತ ಕೇಳಿದರು.

"ಟೇಪ್ ಓದಿದವನು ನಾನು, ಮೇಡಂ" ಅಂದರು ಅಳಿಯ. "ಕಟ್ ಇದೆಯಾ ಇಲ್ವಾ ಅಂತ ಕೇಳದೆ ಗುರುತು ಹಾಕಿದವನೂ ನಾನೇ. ಆ ಕಡೆಯಿಂದ ಇನ್ನೊಂದು ಸಲ ಅಳೀಬೇಕಿತ್ತು. ಮೋಡ ನೋಡಿ ಆತುರ ಬಿದ್ದೆ."

ಕಂಟ್ರಾಕ್ಟರು ಗಂಟಲು ಸರಿಮಾಡಿಕೊಂಡು, ಹಿಡಿದವನು ಕೂಗಬೇಕಿತ್ತಲ್ಲ, ಅದೂ ಇದೆಯಲ್ಲ ಅಂತ ಎಳೆದರು. ಹಿಡಿದವರು ಯಾರು ಅಂತ ಮೇಡಂ ಕೇಳಿದರು.

"ಹಿಡಿದವನು ನನ್ನ ಕೈಕೆಳಗೆ ಕೆಲಸ ಮಾಡೋನು. ಪ್ರಶ್ನೆ ನನ್ನನ್ನ ಕೇಳಿ."

ಅಷ್ಟೇ ಅಂದರು. ನನ್ನ ಪಕ್ಕದಲ್ಲಿ ಮಗ ಎದ್ದು ನಿಂತ. ಕೈ ಹಿಡಿದು ಕೂರಿಸಿಬಿಡೋಣ ಅನ್ನಿಸಿತು. ಅನ್ನಿಸಿತು ಅಂತ ಹೇಳೋಕೆ ನನಗೇನೂ ನಾಚಿಕೆಯಿಲ್ಲ, ಹೆತ್ತವಳು ನಾನು. ಆದರೆ ಕೈ ಮುಂದೆ ಹೋಗಲಿಲ್ಲ, ಅವನೂ ನನ್ನ ಕಡೆ ನೋಡಲಿಲ್ಲ. ಪ್ಯಾಂಟಿಗೆ ಅಂಟಿದ ಸಿಮೆಂಟ್ ಪುಡಿ ಝಾಡಿಸಿಕೊಂಡು ಒಳಗೆ ಹೋದ.

"ಹಿಡಿದವನು ನಾನು. ಹತ್ತು ಹಿಡಿದಿದ್ದೆ, ಕೂಗಲಿಲ್ಲ."

ಆಮೇಲೆ ಮೇಡಂ ತೀರ್ಮಾನ ಹೇಳಿದರು. ಕಟ್ಟೆ ಒಡೆದು ಹೊಸದು ಕಟ್ಟಬೇಕು, ಕ್ರೇನ್ ಮುಂದಕ್ಕೆ ಹೋಗಲಿ. ಹೊಸ ಗುರುತು ಹಾಕುವ ದಿನ ತಾವೇ ಬಂದು ನಿಲ್ಲುತ್ತಾರೆ. ಟೇಪು ಯಾರ ಕೈಗೆ ಕೊಡಬೇಕು, ಈ ಮನುಷ್ಯನನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಅನ್ನೋದು ಸೈಟ್ ಎಂಜಿನಿಯರ ತೀರ್ಮಾನ, ಅದನ್ನು ಆ ದಿನದೊಳಗೆ ಮಾಡಲಿ. ದೊಡ್ಡ ಸೇತುವೆಗೆ ಬೇರೆಯವರನ್ನು ನೋಡುತ್ತೇವೆ ಅಂತ ಕಂಟ್ರಾಕ್ಟರು ಹೊರಗೆ ಬರುವಾಗ ಹೇಳಿದರು. ಅಳಿಯ ತಲೆಯಾಡಿಸಿದರು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಚಮಚ ಬಿದ್ದರೂ ಎಲ್ಲರೂ ಬೆಚ್ಚುತ್ತಿದ್ದರು. ಮಗನನ್ನು ಕರೆದುಕೊಂಡು ಬೇರೆ ಮನೆ ನೋಡಿಕೊಳ್ಳುತ್ತೇನೆ, ಅಳಿಯಂದಿರ ಮುಖ ನೋಡೋಕಾಗ್ತಿಲ್ಲ ಅಂದೆ ಮಗಳಿಗೆ. "ಬಾಯಿ ಮುಚ್ಕೊಂಡು ಕೂತ್ಕೋಮ್ಮ. ಇರೋ ತಲೆನೋವೇ ಸಾಕಾಗಿದೆ" ಅಂದಳು. ಅವಳು ಹಾಗೆ ಗದರಿದ್ದು ಅದೇ ಮೊದಲು, ಆದರೂ ಎಷ್ಟು ಸಮಾಧಾನವಾಯಿತು ಅಂತೀರಿ. ಮಗನನ್ನು ಇಟ್ಟುಕೊಳ್ಳುತ್ತೀರಾ ಅಂತ ಅಳಿಯಂದಿರನ್ನು ಕೇಳಬೇಕು ಅಂತ ದಿನಕ್ಕೆ ಹತ್ತು ಸಲ ಬಾಯಿಗೆ ಬರುತ್ತಿತ್ತು. ತುಂಬಿದ ಬಸ್ಸಿನ ಬಾಯಿ ಮುಚ್ಚಿಸಿದವಳು, ಒಬ್ಬ ಮನುಷ್ಯನ ಮುಂದೆ ಒಂದು ಮಾತು ಕೇಳಲಾರದೆ ಹೋದೆ. ಯಾವ ಬಾಯಿಂದ ಕೇಳಲಿ? ಒಂದು ಸಲ ಕೇಳಿದ್ದಕ್ಕೇ ಅವರು ಕಾದಿದ್ದ ಕೆಲಸ ಕಳೆದುಕೊಂಡಿದ್ದರು. ಅವರೂ ಏನೂ ಹೇಳಲಿಲ್ಲ. ನನಗೆ ಮೊದಲಿನ ಹಾಗೇ, ಅತ್ತೆ ಮಾತ್ರೆ ತಗೊಂಡ್ರಾ ಅಂತ ಕೇಳುತ್ತಿದ್ದರು. ಅದು ಇನ್ನೂ ಕಷ್ಟ.

ಮಗ ಬೆಳಗ್ಗೆ ಎದ್ದು ಹೋಗುತ್ತಲೇ ಇದ್ದ. ಬರಬೇಡ ಅಂತ ಯಾರೂ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಕಟ್ಟೆ ಒಡೆಯುವ ಯಂತ್ರ ಹಿಡಿಯೋದು ಅವನ ಕೆಲಸವಲ್ಲ, ಆದರೂ ಕೂಲಿಯವರ ಜೊತೆ ನಿಂತು ಹಿಡಿದ. ಅಂಗೈಯೆಲ್ಲ ಬೊಬ್ಬೆ. ರಾತ್ರಿ ಊಟಕ್ಕೆ ಕೂತರೆ ಬೆರಳ ತುದಿಯಲ್ಲೇ ತುತ್ತು ಎತ್ತುತ್ತಿದ್ದ. ಅಳಿಯ ಅದನ್ನು ನೋಡಿಯೂ ನೋಡದ ಹಾಗೆ ಊಟ ಮಾಡುತ್ತಿದ್ದರು. ಸೈಟಿನಲ್ಲಿ ಈಗ ಅವನನ್ನು ಯಾರೂ ಬಾಮೈದ ಅಂತ ಕರೆಯುತ್ತಿರಲಿಲ್ಲ.

ಗುರುತು ಹಾಕುವ ದಿನ ಬಂತು. ನಾನು ಬೇಗನೇ ಹೋಗಿ ಚೀಲಗಳ ಮೇಲೆ ಕೂತೆ. ಮೇಡಂ ಬಂದರು. ಕಂಟ್ರಾಕ್ಟರು ಇನ್ನೊಂದು ಸೈಟಿನಿಂದ ಹೊಸಬನೊಬ್ಬನನ್ನು ಕರೆತಂದಿದ್ದರು, ಟೇಪಿನ ಕೆಲಸದಲ್ಲಿ ಪಳಗಿದವನಂತೆ, ಅಚ್ಚುಕಟ್ಟಾಗಿ ಟೋಪಿ ಹಾಕಿಕೊಂಡು ನಿಂತಿದ್ದ. ನನ್ನ ಮಗ ಎಲ್ಲರಿಗಿಂತ ಹಿಂದೆ, ಮೇಸ್ತ್ರಿಯ ಪಕ್ಕ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅಳಿಯನ ಮೇಲೆ ಸಿಟ್ಟು ಬರಲಿ ಅಂತ ಕಾದೆ, ಬರಲಿಲ್ಲ. ಅವರು ಮಾಡಬೇಕಾದ್ದಕ್ಕಿಂತ ಹೆಚ್ಚು ಮಾಡಿಯಾಗಿತ್ತು.

ಅಳಿಯಂದಿರು ವರ್ಕ್‌ಶಾಪಿನ ಉಕ್ಕಿನ ಟೇಪನ್ನು ಶೆಡ್ಡಿನಿಂದ ತಂದರು. ತುದಿಯ ಉಂಗುರ ತಮ್ಮ ಕೈಯಲ್ಲಿ ಇಟ್ಟುಕೊಂಡರು. ಸುರುಳಿಯನ್ನು ಹಿಡಿದುಕೊಂಡು, ನಿಂತವರನ್ನೆಲ್ಲ ದಾಟಿ ಹಿಂದಕ್ಕೆ ಬಂದು, ನನ್ನ ಮಗನ ಬೊಬ್ಬೆಯೆದ್ದ ಕೈಗೆ ಕೊಟ್ಟರು.

"ಆಚೆ ದಡಕ್ಕೆ ಹೋಗು. ಇವತ್ತು ಹಿಡಿಯೋನು ನಾನು, ಓದೋನು ನೀನು."

ಕಂಟ್ರಾಕ್ಟರು, ಅಲ್ಲ, ಇವನು, ಅಂತ ಏನೋ ಅನ್ನೋಕೆ ಹೊರಟರು. ನನ್ನ ಸೈಟಲ್ಲಿ ಓದೋದು ಇವನೇ ಅಂತ ಅಳಿಯ ತಿರುಗಿ ನೋಡದೆ ಹೇಳಿದರು. ಹಿಡಿಯೋದು ಸಹಾಯಕರ ಜಾಗ, ಓದಿ ಗುರುತು ಹಾಕೋದು ಜವಾಬ್ದಾರಿಯ ಜಾಗ. ಅಷ್ಟು ದಿನ ಸೈಟಿನಲ್ಲಿ ಕೂತ ನನಗೆ ಅದು ಗೊತ್ತಿಲ್ಲವೇ. ಮಗ ಅವರ ಮುಖವನ್ನೇ ನೋಡಿದ. ಆಮೇಲೆ ಹಲಗೆಯ ಮೇಲೆ ಕಾಲುವೆ ದಾಟಿ ಹೋದ, ಟೇಪು ಅವನ ಹಿಂದೆ ಬಿಚ್ಚಿಕೊಳ್ಳುತ್ತಾ ಹೋಯಿತು. ಈಚೆ ದಡದಲ್ಲಿ ನಮ್ಮ ಅಳಿಯ, ಸೈಟ್ ಎಂಜಿನಿಯರು, ಮೇಡಂ ಕಣ್ಣೆದುರೇ ಕೆಸರಿನಲ್ಲಿ ಮಂಡಿಯೂರಿ, ಉಂಗುರವನ್ನು ಮೊಳೆಗೆ ಸಿಕ್ಕಿಸಿ ಎರಡೂ ಕೈಯಲ್ಲಿ ಒತ್ತಿ ಹಿಡಿದರು. ಕಟ್ ಇಲ್ಲ, ಸೊನ್ನೆ ಅಂತ ಗಟ್ಟಿಯಾಗಿ ಕೂಗಿದರು.

ಆಚೆ ದಡದಿಂದ ಮಗ ಕೂಗಿದ: "ಭಾವ, ಸೊನ್ನೆನಾ?"

"ಸೊನ್ನೆ."

ಅವನು ಬಗ್ಗಿದ, ಟೇಪು ಎಳೆದು ಬಿಗಿ ಮಾಡಿದ, ಮತ್ತೆ ನೆಟ್ಟಗೆ ನಿಂತ. ಕಟ್ ಇಲ್ವಾ ಭಾವ ಅಂತ ಮತ್ತೆ ಕೇಳಿದ. ಇಲ್ಲ ಅಂದರು. ಉಂಗುರ ಜಾರಿಲ್ಲ ತಾನೇ ಅಂದ. ಜಾರಿಲ್ಲ ಅಂದರು. ಇನ್ನೇನು ಗುರುತು ಹಾಕಬೇಕು, ಕೈ ಅಲ್ಲೇ ನಿಲ್ಲಿಸಿ ಮತ್ತೊಂದು ಸಲ, ಭಾವ, ಸೊನ್ನೆ ತಾನೇ ಅಂತ ಕೂಗಿದ. ಹೊಸಬ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ, ಮೇಸ್ತ್ರಿ ಬಗ್ಗಿ ನೆಲ ನೋಡಿದರು, ಮೇಡಂ ಅವರಿಗೂ ತುಟಿಯಂಚಿನಲ್ಲಿ ನಗು ಬಂತು. ನಮ್ಮ ಅಳಿಯ ನಗಲಿಲ್ಲ, ರೇಗಲಿಲ್ಲ. ತೊಡೆಯ ತನಕ ಕೆಸರು ಏರಿತ್ತು, ಕೈ ಮಾತ್ರ ಮೊಳೆಯಿಂದ ಅಲುಗಿರಲಿಲ್ಲ. ಕೇಳಿದಷ್ಟು ಸಲವೂ, ಅದೇ ಮೊದಲ ಸಲ ಕೇಳಿದ ಹಾಗೆ, ಸೊನ್ನೆ ಕಣೋ, ನಾನೇ ಹಿಡಿದಿದ್ದೀನಿ ಅಂತ ಉತ್ತರ ಕೊಟ್ಟರು. ನಿನ್ನ ಹೊಟ್ಟೆ ತಣ್ಣಗಿರಲಪ್ಪಾ ಅಂದೆ, ಬಾಯಿಬಿಟ್ಟೇ ಅಂದೆ, ಯಾರಿಗೆ ಕೇಳಿಸಿತೋ ಬಿಟ್ಟಿತೋ.

ಆಚೆ ದಡದಲ್ಲಿ ನನ್ನ ಮಗ ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು ಗುರುತು ಹಾಕಿದ.